ಹಳೆ ಪಿಕಪ್ ಗಾಡಿ ಎಳೆಯುತ್ತಿಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಇವನ್ನೆಲ್ಲ ನೋಡಿ

ಹಳೆ ಡೀಸೆಲ್ ಪಿಕಪ್ ಎಳೆತ ಕಳೆದುಕೊಂಡರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು, "ಪಂಪ್ ಹೋಗೈತ್ರಿ, ಬಿಚ್ಚಬೇಕು." ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಅದು. ಬಿಚ್ಚಿದರೆ ಸಾವಿರಗಟ್ಟಲೆ ಖರ್ಚು. ಗಾಡಿ ದಿನಗಟ್ಟಲೆ ನಿಂತಿರುತ್ತದೆ, ಕಬ್ಬಿನ ಹಂಗಾಮೋ ದ್ರಾಕ್ಷಿ ಹಂಗಾಮೋ ಆಗಿದ್ದರೆ ಬಾಡಿಗೆಯೆಲ್ಲ ಬೇರೆಯವರ ಪಾಲು. ಪಂಪ್ ನಿಜವಾಗಿಯೂ ಕೆಟ್ಟಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಕೊನೆಗೆ ಬರಬೇಕಾದ ಸಂಶಯ. ಅದಕ್ಕೂ ಮುಂಚೆ ನಾಲ್ಕು ಪಾನಾ, ಒಂದು ಟಾರ್ಚ್, ಒಂದು ಗಜ ಪ್ಲಾಸ್ಟಿಕ್ ಪಾರದರ್ಶಕ ಪೈಪ್ ಇಟ್ಟುಕೊಂಡು ನೀವೇ ನೋಡಬಹುದಾದ್ದು ಬೇಕಾದಷ್ಟಿದೆ.

ಇಲ್ಲಿ ಹೇಳುತ್ತಿರುವುದು ಬಿಎಸ್ 6 (ಹೊಗೆ ಮಿತಿಯ ಸರ್ಕಾರಿ ನಿಯಮ) ಬರುವ ಮೊದಲಿನ, ಅಂದರೆ 2020ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳ ವಿಷಯ. ಟಾಟಾ 207 ಡಿಐ, ಮಹೀಂದ್ರಾ ಬೊಲೆರೊ ಪಿಕಪ್, ಇಂಥವು. ಶುರು ಮಾಡುವ ಮೊದಲು ನಿಮ್ಮದು ಯಾವ ಜಾತಿ ಅಂತ ತಿಳಿದುಕೊಳ್ಳಿ. ಬಾನೆಟ್ ಎತ್ತಿ. ಡೀಸೆಲ್ ಪಂಪಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಸ್ಟೀಲ್ ಪೈಪ್ ನೇರವಾಗಿ ಹೋಗಿದ್ದು, ಆಕ್ಸಿಲರೇಟರ್ ಕೇಬಲ್ ಪಂಪಿನ ಲಿವರ್ ಎಳೆಯುತ್ತಿದ್ದರೆ ಅದು ಹಳೆ ಮೆಕ್ಯಾನಿಕಲ್ ಪಂಪ್. ಒಂದು ದಪ್ಪ ಸ್ಟೀಲ್ ಕೊಳವೆಗೆ ಎಲ್ಲ ಪೈಪ್‌ಗಳೂ ಸೇರಿದ್ದು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ಲಿನ ತಲೆಯ ಮೇಲೆ ಕರೆಂಟಿನ ಕನೆಕ್ಟರ್ ಕೂತಿದ್ದರೆ ಅದು ಕಾಮನ್ ರೈಲ್. ಈ ಫರಕು ಮುಂದೆ ಬಹಳ ಮುಖ್ಯವಾಗುತ್ತದೆ, ಏಕೆಂದರೆ ಹಳೆ ಪಂಪಿನ ಮೇಲೆ ಮಾಡುವ ಒಂದು ಪರೀಕ್ಷೆಯನ್ನು ಕಾಮನ್ ರೈಲ್ ಮೇಲೆ ಮಾಡಿದರೆ ಕೈಯೇ ಹೋಗಬಹುದು.

ಮೊದಲು ದೂರು ಏನು ಅಂತ ಸರಿಯಾಗಿ ಹಿಡಿಯಿರಿ

"ಎಳೀವಲ್ದು" ಅಂದರೆ ಸಾಲದು. ಒಂದೇ ದಿನದಲ್ಲಿ ಹೋಯಿತೋ, ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಯಿತೋ? ಲೋಡ್ ಇದ್ದಾಗ ಮಾತ್ರವೋ, ಖಾಲಿ ಇದ್ದಾಗಲೂ ಹಾಗೆಯೋ? ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದ ಮೇಲೆ ಸತ್ತುಹೋಗುತ್ತದೋ? ಹಿಂದಿನ ವಾರ ಏನಾದರೂ ಬಿಚ್ಚಿ ಹಾಕಿದ್ದರೋ? ಕೊನೆಯ ಪ್ರಶ್ನೆಗೆ ಹೌದು ಅಂತ ಉತ್ತರ ಬಂದರೆ ಅರ್ಧ ಕೆಲಸ ಮುಗಿದ ಹಾಗೆ, ಮೊದಲು ಅದೇ ಜಾಗ ನೋಡಿ.

ಒಂದೇ ದಿನದಲ್ಲಿ ಹೋಗಿದ್ದರೆ ಸಾಮಾನ್ಯವಾಗಿ ಏನೋ ಕಳಚಿದೆ, ಸೀಳಿದೆ, ಇಲ್ಲವೇ ಕಟ್ಟಿಕೊಂಡಿದೆ. ನಿಧಾನವಾಗಿ ಹೋಗಿದ್ದರೆ ಫಿಲ್ಟರ್, ಇಂಗಾಲ, ಸವೆತ. ಬಿಸಿಯಾದ ಮೇಲೆ ಮಾತ್ರ ಅಂದರೆ ಬ್ರೇಕ್ ಹಿಡಿಯುವುದು, ಟ್ಯಾಂಕಿನ ಉಸಿರು ಕಟ್ಟುವುದು, ಪಂಪ್ ಒಳಗಿನ ಸವೆತ, ಇವುಗಳ ಕಡೆ ಗಮನ ಇರಲಿ.

ಒಂದು ಏರು ಆರಿಸಿಕೊಳ್ಳಿ. ಬೆಳಗಾವಿ ಕಡೆಯವರಿಗೆ ವಂಟಮುರಿ ಘಾಟ್ ಇದೆ. ಬಾಗಲಕೋಟೆ, ವಿಜಯಪುರದವರು ಊರ ಹತ್ತಿರದ ಯಾವುದಾದರೂ ಉದ್ದನೆಯ ಏರು ನೋಡಿಕೊಳ್ಳಿ. ಅದೇ ಲೋಡು, ಅದೇ ಗೇರು, ಕೆಳಗೆ ಅದೇ ವೇಗದಿಂದ ಹೊರಟು ತುದಿಯಲ್ಲಿ ಎಷ್ಟು ಉಳಿಯಿತು ಅಂತ ಬರೆದಿಡಿ. ಒಂದೊಂದು ರಿಪೇರಿ ಆದ ಮೇಲೂ ಅಲ್ಲೇ ಓಡಿಸಿ ನೋಡಿ. ಸುಮ್ನೆ ಅಂದಾಜಿನ ಮೇಲೆ ಹೋದರೆ ಹೊಸ ಫಿಲ್ಟರ್ ಹಾಕಿಸಿದ ಖುಷಿಗೇ ಗಾಡಿ ಚೆನ್ನಾಗಿ ಎಳೆದಂತೆ ಅನಿಸುತ್ತದೆ.

ಇನ್ನೊಂದು ಮಾತು. ಗೋವಾಕ್ಕೆ ತರಕಾರಿ ಹೊಡೆಯುವವರು ಕೆಲವರು "ಕೆಳಗೆ ಚಲೋ ಎಳೀತದ, ಇಲ್ಲಿ ಎಳೆಯೂದಿಲ್ಲ" ಅನ್ನುವುದುಂಟು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇಕಡ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಗಾಳಿಯಲ್ಲೂ ಹೀಗೇ ಸ್ವಲ್ಪ ಕಡಿಮೆಯಾಗುತ್ತದೆ. ಅದು ರೋಗವಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಒಂದನೇ ಗೇರ್ ಬೇಕಾದರೆ ಅದು ರೋಗ.

ಎಂಜಿನ್ ಬಿಡಿ, ಚಕ್ರದಿಂದ ಶುರು ಮಾಡಿ

ಎಂಜಿನ್ ಶಕ್ತಿ ಕೊಡುತ್ತಿದ್ದರೂ ಅದು ನೆಲ ಮುಟ್ಟದೆ ಇರಬಹುದು. ಹತ್ತು ಕಿಲೋಮೀಟರ್ ಓಡಿಸಿ. ಕೊನೆಯಲ್ಲಿ ಜೋರಾಗಿ ಬ್ರೇಕ್ ಹಾಕದೆ ಗಾಡಿ ತಾನೇ ನಿಲ್ಲುವಂತೆ ಮಾಡಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಉಗುಳುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ವೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಬಾರದೆ ಇರಬಹುದು, ಲೈನರ್ ಹಾಕಿದವರು ಬಿಗಿ ಜಾಸ್ತಿ ಮಾಡಿರಬಹುದು. ಖಚಿತ ಮಾಡಿಕೊಳ್ಳಲು ಜಾಕ್ ಹಚ್ಚಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ನೋಡಿ.

ಕ್ಲಚ್ ಜಾರುತ್ತಿದ್ದರೆ ಗೊತ್ತಾಗುವುದು ಸುಲಭ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಸುಟ್ಟ ವಾಸನೆಯೂ ಬರುತ್ತದೆ. ಟೈರ್ ಗಾಳಿ, ಲೋಡಿನ ತೂಕ, ಇವನ್ನು ಬಿಡಿಸಿ ಹೇಳಬೇಕಿಲ್ಲ. ಒಂದೂವರೆ ಟನ್ನಿನ ಗಾಡಿಗೆ ಮೂರು ಟನ್ ಹೇರಿ ಎಳೆಯಲಿಲ್ಲ ಅಂದರೆ ಅದಕ್ಕೆ ಯಾವ ಮಿಸ್ತ್ರಿಯೂ ಏನೂ ಮಾಡಲಾರ.

ಈಗ ಪೆಡಲ್. ಎಂಜಿನ್ ಬಂದ್ ಇರಲಿ. ಒಬ್ಬರನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ನೀವು ಬಾನೆಟ್ ಕೆಳಗೆ ಪಂಪಿನ ಲಿವರ್ ನೋಡಿ. ಅದು ಕೊನೆಯ ಸ್ಟಾಪ್ ಸ್ಕ್ರೂ ಮುಟ್ಟುತ್ತಿದೆಯಾ? ಕೇಬಲ್ ಹಿಗ್ಗಿದ್ದರೆ, ಪೆಡಲ್ ಕೆಳಗೆ ದಪ್ಪ ಮ್ಯಾಟ್ ಸಿಕ್ಕಿಕೊಂಡಿದ್ದರೆ, ಲಿವರ್ ಮುಕ್ಕಾಲಿಗೇ ನಿಲ್ಲುತ್ತದೆ. ಆಗ ನೀವು ಎಷ್ಟೇ ಒತ್ತಿದರೂ ಎಂಜಿನ್ನಿಗೆ ಮುಕ್ಕಾಲು ಡೀಸೆಲ್ಲೇ ಸಿಗುವುದು. ಎರಡು ನಿಮಿಷದ ಕೆಲಸ, ಆದರೂ ಇದನ್ನು ನೋಡದೆ ಪಂಪ್ ರೂಮಿಗೆ (ಪಂಪ್ ರಿಪೇರಿ ಅಂಗಡಿಗೆ) ಹೋದ ಗಾಡಿಗಳು ಬೇಕಾದಷ್ಟಿವೆ. ಕಾಮನ್ ರೈಲ್ ಗಾಡಿಯಲ್ಲಿ ಕೇಬಲ್ ಬದಲು ಪೆಡಲ್ ಸೆನ್ಸರ್ ಇರುತ್ತದೆ. ಅದನ್ನು ಸ್ಕ್ಯಾನರ್ ಹಾಕಿಯೇ ನೋಡಬೇಕು.

ಹೊಗೆ ಏನು ಹೇಳುತ್ತದೆ

ಲೋಡ್ ಹಾಕಿ ಏರಿನಲ್ಲಿ ಪೂರ್ತಿ ಪೆಡಲ್ ಒತ್ತಿದಾಗ ಬರುವ ಹೊಗೆ ನೋಡಬೇಕು. ನಿಂತಲ್ಲೇ ರೇಸ್ ಕೊಟ್ಟು ನೋಡಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಹಿಂದೆ ಬೈಕಿನಲ್ಲಿ ಒಬ್ಬರು ಬಂದು ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಇನ್ನೂ ಒಳ್ಳೆಯದು. ಬೈಕ್ ಓಡಿಸುವವನೇ ವಿಡಿಯೊ ಮಾಡುವುದು ಬೇಡ, ಹಿಂದೆ ಕೂತವನು ಮಾಡಲಿ.

ಕಪ್ಪು ಹೊಗೆ ಜಾಸ್ತಿ, ಎಳೆತ ಕಡಿಮೆ: ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಕ್ಲೀನರ್, ಟರ್ಬೊ ಪೈಪ್, ಇಜಿಆರ್ (ಸುಟ್ಟ ಹೊಗೆ ವಾಪಸ್ ಬಿಡುವ ವಾಲ್ವ್), ಇಲ್ಲವೇ ಸರಿಯಾಗಿ ಸಿಂಪಡಿಸದೆ ಸೋರುವ ನಾಜಲ್. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ಕಣ್ಣು ಉರಿಸಿದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ) ಕಡಿಮೆ ಅಥವಾ ಪಂಪ್ ಟೈಮಿಂಗ್ ಹಿಂದಿದೆ, ಅಂದರೆ ಡೀಸೆಲ್ ತಡವಾಗಿ ಬೀಳುತ್ತಿದೆ. ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ.

ಹೊಗೆಯೇ ಇಲ್ಲ, ಎಳೆತವೂ ಇಲ್ಲ ಅಂದರೆ? ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಹಳೆ ಗಾಡಿಗಳಲ್ಲಿ ಇದೇ ಜಾಸ್ತಿ ಸಿಗುವ ಲಕ್ಷಣ. ಗುಣಪಡಿಸಲು ಅಗ್ಗವೂ ಹೌದು.

ಗಾಳಿಯ ದಾರಿ

ನಮ್ಮ ಜಿಲ್ಲೆಗಳ ಧೂಳಿನ ಬಗ್ಗೆ ಕಂಪನಿಯ ಪುಸ್ತಕ ಬರೆದವರಿಗೆ ಗೊತ್ತಿದ್ದಂತಿಲ್ಲ. ಎರೆ ಹೊಲದ ದಾರಿ, ಇಳಕಲ್ ಕಡೆಯ ಗ್ರಾನೈಟ್ ಕ್ವಾರಿ, ಸುಣ್ಣದ ಕಲ್ಲಿನ ರಸ್ತೆ, ಕಬ್ಬಿನ ಗದ್ದೆಯ ರವದಿ (ಒಣಗಿದ ಗರಿ). ಇಂಥ ಕಡೆ ಓಡುವ ಗಾಡಿಯ ಏರ್ ಕ್ಲೀನರನ್ನು ಪುಸ್ತಕದಲ್ಲಿ ಹೇಳಿದ್ದರ ಅರ್ಧ ಕಿಲೋಮೀಟರಿಗೇ ನೋಡಬೇಕು. ಹೊರಗೆ ತೆಗೆದು ಒಳಗಡೆ ಟಾರ್ಚ್ ಹಾಕಿ. ಬೆಳಕು ಎಲ್ಲ ಕಡೆ ಒಂದೇ ಸಮ ಕಾಣಬೇಕು. ಕಾಣದಿದ್ದರೆ ಕಟ್ಟಿದೆ. ಸೂಜಿ ಮೊನೆಯಷ್ಟು ಚುಕ್ಕೆಯಂತೆ ಬೆಳಕು ಹೊಳೆದರೆ ತೂತು ಬಿದ್ದಿದೆ, ಅದನ್ನು ಎಸೆಯಿರಿ. ಕಲ್ಲಿಗೆ ಬಡಿದು ಧೂಳು ಕೊಡವುವ ರೂಢಿ ಬಿಡಿ, ಪೇಪರ್ ಬಾಗಿ ಅಂಚಿನಿಂದ ಧೂಳು ಒಳಗೆ ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಹತ್ತಿರದಿಂದ ಜೋರಾಗಿ ಹೊಡೆಯುವುದೂ ಬೇಡ. ದೂರದಿಂದ, ಮೆಲ್ಲಗೆ, ಒಳಗಿನಿಂದ ಹೊರಕ್ಕೆ. ಕೆಟ್ಟ ಏರ್ ಕ್ಲೀನರಿನಿಂದ ಎಳೆತ ಹೋಗುವುದು ಸಣ್ಣ ನಷ್ಟ, ಅದರ ತೂತಿನಿಂದ ಹೋದ ಧೂಳು ಬೋರ್ ಮತ್ತು ರಿಂಗನ್ನೇ ತಿಂದುಹಾಕುತ್ತದೆ.

ಆಮೇಲೆ ರಬ್ಬರ್ ಹೋಸ್. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಅಥವಾ ಟರ್ಬೊಗೆ ಹೋಗುವ ಪೈಪ್ ನಿಂತಾಗ ಚೆನ್ನಾಗೇ ಕಾಣುತ್ತದೆ. ರೇಸ್ ಕೊಟ್ಟಾಗ ಮೆತ್ತಗಾದ ರಬ್ಬರ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಒಬ್ಬರು ರೇಸ್ ಕೊಡಲಿ, ನೀವು ನೋಡಿ. ಹೆಗಲ ಮೇಲಿನ ಟವಲ್, ಜೋಲುವ ತೋಳು ಇವನ್ನೆಲ್ಲ ತೆಗೆದಿಟ್ಟೇ ಎಂಜಿನ್ ಹತ್ತಿರ ಬಗ್ಗಬೇಕು. ಬೆಲ್ಟು, ಫ್ಯಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಟರ್ಬೊ ಇದ್ದರೆ ಅಲ್ಲಿಂದ ಇಂಟರ್‌ಕೂಲರ್ (ಆ ಗಾಳಿ ತಣಿಸುವ ಭಾಗ) ಮೂಲಕ ಎಂಜಿನ್ನಿಗೆ ಹೋಗುವ ಪೈಪುಗಳನ್ನು ಬೆರಳಿಟ್ಟು ತಡವಿ. ಕೆಳಭಾಗ ಮುಖ್ಯ, ಸೀಳು ಇರುವುದು ಕಣ್ಣಿಗೆ ಕಾಣದ ಕಡೆಗೇ. ಎಣ್ಣೆ ಜಿಡ್ಡು ಹತ್ತಿದ ಗೆರೆ ಇದ್ದರೆ ಅಲ್ಲಿ ಗಾಳಿ ಹೋಗುತ್ತಿದೆ. ಏರಿನಲ್ಲಿ "ಸುಸ್ಸ್" ಅಂತ ಸದ್ದು, ಜೊತೆಗೆ ಕಪ್ಪು ಹೊಗೆ, ಇವೆರಡು ಸೇರಿದರೆ ನೂರಕ್ಕೆ ತೊಂಬತ್ತು ಪಾಲು ಪೈಪೇ. ಕ್ಲಿಪ್ ಬಿಗಿ ಮಾಡಿದರೂ ಸಾಕಾಗಬಹುದು. ಟರ್ಬೊ ನೋಡುವುದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಂದ್ ಇರುವಾಗಲೇ, ಒಳಬರುವ ಪೈಪ್ ತೆಗೆದು ಶಾಫ್ಟ್ ಅಲುಗಾಡಿಸಿ. ಅಡ್ಡಕ್ಕೆ ಸ್ವಲ್ಪವೇ ಆಟ ಇದ್ದರೆ ತಪ್ಪಲ್ಲ. ಹಿಂದೆ ಮುಂದೆ ಆಟ ಗೊತ್ತಾಗುವಷ್ಟು ಇದ್ದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇದ್ದರೆ, ಟರ್ಬೊ ಮುಗಿದಿದೆ.

ಇಜಿಆರ್ ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಎಂಜಿನ್ನಿಗೆ ಬಿಡುವ ವಾಲ್ವ್. ಇಂಗಾಲ ಮೆತ್ತಿ ಅದು ತೆರೆದೇ ಉಳಿದರೆ ಒಳಗೆ ತಾಜಾ ಗಾಳಿಗೆ ಜಾಗವಿಲ್ಲ. ವ್ಯಾಕ್ಯೂಮ್ ಪೈಪ್ ಇರುವ ಇಜಿಆರ್ ಆದರೆ ಆ ಸಣ್ಣ ಪೈಪ್ ಕಳಚಿ, ಬಾಯಿ ಮುಚ್ಚಿ, ಒಂದು ಸುತ್ತು ಓಡಿಸಿ ನೋಡಿ. ಎಳೆತ ಬಂದರೆ ಅದರ ವ್ಯಾಕ್ಯೂಮ್ ಹಿಡಿತದಲ್ಲೇ ಗೋಲಮಾಲಿದೆ. ಬರದಿದ್ದರೂ ವಾಲ್ವ್ ಜಾಮ್ ಆಗಿರಬಹುದು, ಬಿಚ್ಚಿ ತೊಳೆದು ನೋಡಿ. ಪರೀಕ್ಷೆ ಮುಗಿದ ಮೇಲೆ ಪೈಪ್ ಮತ್ತೆ ಹಾಕಿ. ತಗಡು ಹಚ್ಚಿ ಕಾಯಂ ಮುಚ್ಚಿಸುವುದು ಕಾನೂನಿಗೂ ಸರಿಯಲ್ಲ.

ಒಳಗೆ ಬಂದದ್ದು ಹೊರಗೂ ಹೋಗಬೇಕಲ್ವಾ? ಸೈಲೆನ್ಸರ್ ಒಳಗಿನ ತಗಡು ಕಳಚಿ ಬಿದ್ದು ದಾರಿ ಮುಚ್ಚುವುದುಂಟು. ತಣ್ಣಗಿದ್ದಾಗ ಸೈಲೆನ್ಸರಿಗೂ ಮುಂಚಿನ ಜಾಯಿಂಟ್ ಸಡಿಲ ಮಾಡಿ, ಸದ್ದು ಸಹಿಸಿಕೊಂಡು ಸ್ವಲ್ಪ ದೂರ ಓಡಿಸಿ ನೋಡಿ. ಎಳೆತ ವಾಪಸ್ ಬಂದರೆ ಅದೇ ಕಳ್ಳ.

ಡೀಸೆಲ್ಲಿನ ದಾರಿ: ಇಲ್ಲಿ ಅವಸರ ಬೇಡ

ಟ್ಯಾಂಕ್ ಮುಚ್ಚಳದಿಂದ ಶುರು. ಅದರಲ್ಲಿ ಗಾಳಿ ಒಳಗೆ ಹೋಗುವ ಸಣ್ಣ ದಾರಿ ಇರುತ್ತದೆ. ಅದು ಧೂಳು ಕಟ್ಟಿದರೆ ಡೀಸೆಲ್ ಕಡಿಮೆಯಾದಂತೆ ಟ್ಯಾಂಕಿನಲ್ಲಿ ನಿರ್ವಾತ ಆಗಿ ಡೀಸೆಲ್ ಮುಂದೆ ಬರುವುದಿಲ್ಲ. ಗಾಡಿ ಸತ್ತ ಕೂಡಲೇ ಮುಚ್ಚಳ ತೆಗೆಯಿರಿ. "ಹುಸ್" ಅಂತ ಗಾಳಿ ಒಳಗೆ ಎಳೆದುಕೊಂಡರೆ ಉತ್ತರ ಸಿಕ್ಕಿತು.

ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ನೆನಪಿಲ್ಲದಿದ್ದರೆ ಬದಲಿಸಿ, ಇದರಲ್ಲಿ ಚರ್ಚೆ ಇಲ್ಲ. ಹಳೆಯದನ್ನು ಎಸೆಯುವ ಮೊದಲು ಒಳಗಿನ ಡೀಸೆಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಅರ್ಧ ಗಂಟೆ ಬಿಡಿ. ಕೆಳಗೆ ನೀರು ನಿಂತರೆ, ಕಪ್ಪು ಕೆಸರು ಕೂತರೆ, ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ, ಹೊಸ ಫಿಲ್ಟರೂ ಹದಿನೈದು ದಿನಕ್ಕೆ ಅದೇ ಗತಿ. ನಮ್ಮ ಕಡೆ ಹೊಲದ ಮನೆಯಲ್ಲಿ ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟು ಟ್ರ್ಯಾಕ್ಟರಿಗೂ ಪಿಕಪ್ಪಿಗೂ ಅದನ್ನೇ ಹಾಕುವವರು ಬಹಳ. ಬ್ಯಾರಲ್ ತಳದ ನೀರು, ತುಕ್ಕು ಎಲ್ಲ ಅದರ ಜೊತೆಗೇ ಬರುತ್ತದೆ. ಟ್ಯಾಂಕ್ ಒಳಗಿನ ಜಾಲರಿಯನ್ನೂ ಮರೆಯಬೇಡಿ.

ಫಿಲ್ಟರ್ ಹೊಸದು, ಆದರೂ ಎಳೆಯುತ್ತಿಲ್ಲ? ಹಾಗಾದರೆ ದಾರಿಯಲ್ಲಿ ಗಾಳಿ ಸೇರುತ್ತಿರಬಹುದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ದೊಡ್ಡ ಪಂಪಿಗೆ ಡೀಸೆಲ್ ಒದಗಿಸುವ ಸಣ್ಣ ಪಂಪಿನವರೆಗೆ) ಡೀಸೆಲ್ ಹೀರಿಕೊಂಡು ಬರುವುದರಿಂದ ಅಲ್ಲಿನ ಸೀಳು ಹೊರಗೆ ಸೋರುವುದಿಲ್ಲ, ಒಳಗೆ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ. ಪಾರದರ್ಶಕ ಪೈಪ್ ಬೇಕಾಗುವುದು ಇಲ್ಲೇ. ಫೀಡ್ ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಅದನ್ನು ಸೇರಿಸಿ, ಎಂಜಿನ್ ಓಡಿಸಿ, ಗುಳ್ಳೆ ಬರುತ್ತವೆಯಾ ನೋಡಿ. ಶುರುವಿನಲ್ಲಿ ಒಂದೆರಡು ಬಂದು ನಿಂತರೆ ಸರಿ. ಒಂದೇ ಸಮ ಬರುತ್ತಿದ್ದರೆ ಹಿಂದೆ ಎಲ್ಲೋ ಜಾಯಿಂಟ್ ಸಡಿಲಿದೆ. ಬಿರುಕು ಬಿಟ್ಟ ರಬ್ಬರ್, ಬಳಸಿದ್ದನ್ನೇ ಮತ್ತೆ ಬಳಸಿದ ಕಾಪರ್ ವಾಷರ್, ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಹ್ಯಾಂಡ್ ಪಂಪಿನ ಸವೆದ ಸೀಲ್, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಗೆ ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದು. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಅದನ್ನು ಅಲುಗಾಡದಂತೆ ಕಟ್ಟಿ, ಸೈಲೆನ್ಸರಿನ ಬಿಸಿಯಿಂದ ದೂರ ಇಟ್ಟು, ಅದರಿಂದ ಹೊಸ ಪೈಪನ್ನು ನೇರವಾಗಿ ಫೀಡ್ ಪಂಪಿಗೆ ಕೊಡಿ. ರಿಟರ್ನ್ ಪೈಪ್ ಇದ್ದ ಹಾಗೇ ಟ್ಯಾಂಕಿಗೇ ಹೋಗಲಿ. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಅದೇ ಏರಿಗೆ ಹೋಗಿ. ಕ್ಯಾನ್ ಬೇಗ ಖಾಲಿಯಾಗುತ್ತದೆ, ಏರು ಹತ್ತಿರವೇ ಇರಬೇಕು. ಗಾಡಿ ಹಿಂದಿನಂತೆ ಎಳೆಯಿತೋ, ಕೆಟ್ಟಿರುವುದು ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವೆ. ನಿಮ್ಮ ದೊಡ್ಡ ಪಂಪಿಗೆ ಏನೂ ಆಗಿಲ್ಲ. ಎಳೆಯದಿದ್ದರೆ ಹಿಂದಿನ ದಾರಿಯನ್ನೆಲ್ಲ ಲೆಕ್ಕದಿಂದ ಬಿಟ್ಟು ಮುಂದೆ ಹೋಗಬಹುದು.

ಮುಂದಿನದು ಫೀಡ್ ಪಂಪ್, ಅದಾದ ಮೇಲೆ ಪಂಪಿನ ರಿಟರ್ನ್ ಬೋಲ್ಟ್. ಸಾಲು ಪಂಪುಗಳಲ್ಲಿ (ಪ್ರತಿ ಸಿಲಿಂಡರಿಗೆ ಡೀಸೆಲ್ ಒತ್ತುವ ಪ್ಲಂಜರ್ ಒಂದೊಂದು ಸಾಲಾಗಿರುವ ಪಂಪ್) ಈ ಬೋಲ್ಟಿನೊಳಗೆ ಸ್ಪ್ರಿಂಗ್ ಇರುವ ವಾಲ್ವ್ ಇರುತ್ತದೆ. ಸ್ಪ್ರಿಂಗ್ ಸೋತರೆ ಪಂಪಿನೊಳಗೆ ಒತ್ತಡ ನಿಲ್ಲದೆ ಡೀಸೆಲ್ ಎಲ್ಲ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ಎಷ್ಟೋ ಸಲ ಯಾರೋ ಇದರ ಜಾಗದಲ್ಲಿ ಸಾದಾ ತೂತಿನ ಬೋಲ್ಟ್ ಹಾಕಿಬಿಟ್ಟಿರುತ್ತಾರೆ. ಸಣ್ಣ ಬೋಲ್ಟು, ದೊಡ್ಡ ನಷ್ಟ.

ನಾಜಲ್

ಮೆಕ್ಯಾನಿಕಲ್ ಪಂಪಿನಲ್ಲಿ, ಎಂಜಿನ್ ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವಾಗ, ಒಂದು ನಾಜಲ್ಲಿನ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಫರಕು ಆಗದಿದ್ದರೆ ಅದು ಸೋಮಾರಿ. ಆ ನಾಜಲನ್ನು ಪಕ್ಕದ ಸಿಲಿಂಡರಿನದಕ್ಕೆ ಅದಲು ಬದಲು ಮಾಡಿ. ಸೋಮಾರಿತನ ನಾಜಲ್ ಜೊತೆ ಹೋದರೆ ನಾಜಲ್ ಕೆಟ್ಟಿದೆ. ಅದೇ ಸಿಲಿಂಡರಿನಲ್ಲಿ ಉಳಿದರೆ ಟ್ಯಾಪೆಟ್ (ವಾಲ್ವಿನ ಸಂದು), ಕಂಪ್ರೆಷನ್ ಅಥವಾ ಪಂಪಿನ ಆ ಪ್ಲಂಜರ್. ಈ ಪಂಪ್‌ಗಳಲ್ಲೂ ನಾಜಲ್ 200 ಬಾರ್ ಆಸುಪಾಸಿನ ಒತ್ತಡದಲ್ಲಿ ತೆರೆಯುತ್ತದೆ, ಕನ್ನಡಕ ಹಾಕಿ, ಬೆರಳು ದೂರ ಇರಲಿ.

ಕಾಮನ್ ರೈಲ್ ಗಾಡಿಯಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರುವುದಿಲ್ಲ, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳು ಕತ್ತರಿಸುವ ಪರಿಸ್ಥಿತಿ ಬರುತ್ತದೆ. ಸೋರಿಕೆ ಹುಡುಕುವಾಗಲೂ ರಟ್ಟು ಹಿಡಿಯಿರಿ, ಕೈ ಬೇಡ. ಇಲ್ಲಿ ಮಾಡಬೇಕಾದ್ದು ರಿಟರ್ನ್ ಪರೀಕ್ಷೆ. ಎಂಜಿನ್ ಬಂದ್ ಇರುವಾಗ ನಾಲ್ಕು ನಾಜಲ್ಲಿನ ಸಣ್ಣ ರಿಟರ್ನ್ ಪೈಪ್ ಕಳಚಿ, ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಟ್ಟು, ಕೆಲವು ನಿಮಿಷ ಸ್ಲೋದಲ್ಲಿ ಓಡಿಸಿ. ಮೂರು ಬಾಟಲಿ ಒಂದು ಮಟ್ಟಕ್ಕೆ, ಒಂದು ಮಾತ್ರ ಎರಡು ಪಟ್ಟು ತುಂಬಿದರೆ ಆ ನಾಜಲ್ ಒಳಗೇ ಸೋರುತ್ತಿದೆ. ಚೆಕ್ ಎಂಜಿನ್ ಲೈಟ್ ಬಂದಿದ್ದು ಗಾಡಿ ಒಂದು ವೇಗಕ್ಕಿಂತ ಮೇಲೆ ಹೋಗುತ್ತಲೇ ಇಲ್ಲ ಅಂದರೆ ಕಂಪ್ಯೂಟರೇ ಶಕ್ತಿ ಕಟ್ಟಿಹಾಕಿದೆ. ಸ್ಕ್ಯಾನರಿನಲ್ಲಿ ಕೋಡ್ ಓದಿಸಿ, ಅಳಿಸುವ ಮೊದಲು ಬರೆದುಕೊಳ್ಳಿ. ಬೇಕಾದ ರೈಲ್ ಒತ್ತಡ ಎಷ್ಟು, ನಿಜವಾಗಿ ಇರುವುದು ಎಷ್ಟು ಅಂತ ಲೋಡಿನಲ್ಲಿ ಓಡಿಸುತ್ತಲೇ ನೋಡಿಸಿ. ನಿಂತಾಗ ಎರಡೂ ಸರಿಯಾಗೇ ಇರುತ್ತವೆ.

ಎಂಜಿನ್ ಒಳಗಿನ ಆರೋಗ್ಯ

ಬಿಸಿ ಎಂಜಿನ್ ಸ್ಲೋದಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲ ಮಾಡಿ ಅಲ್ಲೇ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಕುಣಿದು ಹಾರಿ, ಹೊಗೆ ಬುಸುಬುಸು ಬಂದರೆ ರಿಂಗ್ ಸವೆದಿವೆ. ಡಿಪ್‌ಸ್ಟಿಕ್ ಕೂಡ ನೋಡಿ. ಆಯಿಲ್ ಮಟ್ಟ ತಾನಾಗಿಯೇ ಏರಿದ್ದು ಡೀಸೆಲ್ ವಾಸನೆ ಬಂದರೆ ಪಂಪಿನ ಅಥವಾ ನಾಜಲ್ಲಿನ ಸೀಲ್ ಹೋಗಿ ಡೀಸೆಲ್ ಬೆರೆಯುತ್ತಿದೆ. ಅಂಥ ಗಾಡಿ ಓಡಿಸಬೇಡಿ.

ಆಮೇಲೂ ಅನುಮಾನ ಉಳಿದರೆ ಟ್ಯಾಪೆಟ್ ಹೊಂದಿಸಿ, ಕಂಪ್ರೆಷನ್ ಗೇಜ್ ಹಾಕಿಸಿ. ಬ್ಯಾಟರಿ ಗಟ್ಟಿ ಇರಬೇಕು, ಇಲ್ಲದಿದ್ದರೆ ಓದು ಸುಳ್ಳಾಗುತ್ತದೆ. ಈ ಜಾತಿಯ ಡೀಸೆಲ್ ಎಂಜಿನ್ನಿನಲ್ಲಿ 350ರಿಂದ 450 ಪಿಎಸ್‌ಐ ಆಸುಪಾಸು ಬರಬೇಕು. ಅದಕ್ಕಿಂತ ಮುಖ್ಯ, ಸಿಲಿಂಡರುಗಳ ನಡುವೆ ಶೇಕಡ 10ರಿಂದ 15ಕ್ಕಿಂತ ಜಾಸ್ತಿ ಫರಕು ಇರಬಾರದು. ನಾಲ್ಕೂ ಒಂದೇ ಸಮ ಕಡಿಮೆಯಾದರೆ ಸವೆತ, ಪಕ್ಕಪಕ್ಕದ ಎರಡು ಮಾತ್ರ ಕಡಿಮೆಯಾದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಬೋರಿಂಗ್, ಹೆಡ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷಿನ್ ಕೆಲಸ ಬಲ್ಲವರಿದ್ದಾರೆ. ಖರ್ಚನ್ನು ಗಾಡಿಯ ಈಗಿನ ಬೆಲೆ ಜೊತೆ ತೂಗಿ ನೋಡಿಯೇ ಕೊಡಿ.

ಕಂಪ್ರೆಷನ್ ಸರಿ, ಗಾಳಿ ಸರಿ, ಕ್ಯಾನ್ ಪರೀಕ್ಷೆಯಲ್ಲೂ ಎಳೆಯಲಿಲ್ಲ, ನಾಜಲ್ ಬದಲಿಸಿ ನೋಡಿದ್ದಾಯಿತು ಅಂದಾಗ ಮಾತ್ರ ಪಂಪಿನ ಸರದಿ. ಬಿಚ್ಚುವ ಮೊದಲು ಟೈಮಿಂಗ್ ಗುರುತು ಫೋಟೊ ತೆಗೆದಿಡಿ. ಪಂಪ್ ರೂಮಿನವರಿಗೆ "ಎಳೀವಲ್ದು" ಅಂತ ಒಂದೇ ಮಾತು ಹೇಳಿ ಬರಬೇಡಿ. ನೋಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಿ, ಪಂಪನ್ನು ಟೆಸ್ಟ್ ಬೆಂಚ್ ಮೇಲೆ ನಿಮ್ಮ ಮುಂದೆಯೇ ಓಡಿಸಿ ರಿಪೇರಿಗೆ ಮೊದಲಿನ ಓದು, ಆಮೇಲಿನ ಓದು ಎರಡನ್ನೂ ಕೇಳಿ ಪಡೆಯಿರಿ. ಸುಮ್ನೆ ಮ್ಯಾಕ್ಸಿಮಮ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟು ಕಳಿಸಿದರೆ ಮೊದಲ ವಾರ ಗಾಡಿ ಕುದುರೆಯಂತೆ ಓಡುತ್ತದೆ, ಆಮೇಲೆ ಕಪ್ಪು ಹೊಗೆ, ಬಿಸಿ, ಸುಟ್ಟ ಪಿಸ್ಟನ್. ಸ್ಕ್ರೂವಿನ ಸೀಲ್ ಒಡೆದಿದೆಯಾ ಅಂತ ಗಾಡಿ ವಾಪಸ್ ಪಡೆಯುವಾಗ ನೋಡಿಕೊಳ್ಳಿ. ಒಡೆದಿದ್ದರೆ ಯಾಕೆ ಅಂತ ಅಲ್ಲೇ ಕೇಳಿ.